ಗಿಡದ ಪ್ಲಾಸ್ಟಿಕ್ಕು ಮಣ್ಣಿಗೆ ಮರಳುವ ಬಗೆ

ಮಂಗಳೂರಿನ ಕುದ್ರೋಳಿಯ ಹೆಸರು ಹೊರಗಿನವರಿಗೆ ಹೆಚ್ಚಾಗಿ ಪರಿಚಯವಾಗಿರುವುದು ಅಲ್ಲಿನ ಗೋಕರ್ಣನಾಥ ದೇವಾಲಯದಿಂದ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಈ ದೇವಾಲಯದಲ್ಲಿ ನವರಾತ್ರಿಯ ಕಾಲಕ್ಕೆ ಶಾರದೆಯ ಮತ್ತು ನವದುರ್ಗೆಯರ ಮಣ್ಣಿನ ಮೂರ್ತಿಗಳನ್ನು ನಿಲ್ಲಿಸುತ್ತಾರೆ. ಹಬ್ಬದ ದಿನಗಳಷ್ಟೂ ಅವು ಬಿರುಕು ಬಿಡದೆ, ಬಾಗದೆ ನಿಂತಿರಬೇಕು. ಮೆರವಣಿಗೆ ಮುಗಿದು ಪುಷ್ಕರಿಣಿಯಲ್ಲಿ ಜಲಸ್ತಂಭನವಾದ ಮೇಲೆ ಅದೇ ಮಣ್ಣು ನೀರಿನಲ್ಲಿ ಬಿಡಿಬಿಡಿಯಾಗಿ ಕರಗಿ ತಳವನ್ನು ಸೇರಬೇಕು. ಬೇಕಾದಷ್ಟು ದಿನ ಗಟ್ಟಿಯಾಗಿರುವುದು ಒಂದು ಗುಣ. ಬೇಡವಾದ ಮೇಲೆ ಗುರುತಿಲ್ಲದೆ ಕರಗುವುದು ಇನ್ನೊಂದು ಗುಣ. ಮೂರ್ತಿ ಮಾಡುವ ಕುಶಲಿಗ ಈ ಎರಡನ್ನೂ ಒಂದೇ ಹಿಡಿ ಮಣ್ಣಿನಲ್ಲಿ ಕೂಡಿಸುತ್ತಾನೆ.

ಅದೇ ಹಬ್ಬದ ಜನಸಂದಣಿಯಲ್ಲಿ ಕೈಯಿಂದ ಕೈಗೆ ದಾಟುವ ಪ್ಲಾಸ್ಟಿಕ್ ಚೀಲ, ಲೋಟ, ಚಮಚಗಳನ್ನು ನೋಡಿ. ಮೊದಲನೆಯ ಗುಣ ಅವುಗಳಲ್ಲಿ ಧಾರಾಳವಾಗಿ ಉಂಟು. ಎರಡನೆಯದು ಇಲ್ಲವೇ ಇಲ್ಲ. ಹತ್ತು ನಿಮಿಷದ ಉಪಯೋಗಕ್ಕೆಂದು ಮಾಡಿದ ಲೋಟ ಮಾಡಿದವನ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಈ ಎರಡನೆಯ ಗುಣವನ್ನು ಪ್ಲಾಸ್ಟಿಕ್ಕಿಗೂ ತಂದುಕೊಡಲು ಸಾಧ್ಯವೆ? ಸಾಧ್ಯವೆಂದು ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಅವರು ಹಿಡಿದ ದಾರಿ ವಿನೋದವಾದದ್ದು: ಪ್ಲಾಸ್ಟಿಕ್ಕನ್ನು ಜೀರ್ಣಿಸಬಲ್ಲ ಕಿಣ್ವವನ್ನು ಪ್ಲಾಸ್ಟಿಕ್ಕಿನ ಒಡಲಲ್ಲೇ ಅಡಗಿಸಿಡುವುದು. ಅದು ಹೇಗೆ, ಅದರಿಂದ ನಮ್ಮ ಊರಿಗೆ ಆಗುವ ಪ್ರಯೋಜನವೆಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇದು ಬರಿಯ ಪ್ರಯೋಗಶಾಲೆಯ ಕುತೂಹಲವೆಂದು ಮಂಗಳೂರಿನವರು ತಳ್ಳಿಹಾಕುವಂತಿಲ್ಲ. ನಗರದ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಪಚ್ಚನಾಡಿಯಲ್ಲಿ ವರ್ಷಗಳಿಂದ ಬೆಳೆದ ರಾಶಿ 2019ರ ಆಗಸ್ಟಿನ ಭಾರಿ ಮಳೆಗೆ ಜಾರಿತು. ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆಯೂ ಮನೆಗಳ ಮೇಲೆಯೂ ಕಸದ ಹೊಳೆಯೇ ಹರಿದು ಬಂದಿತು. ಅಲ್ಲಿನ ಕುಟುಂಬಗಳು ಮನೆಮಾರು ಬಿಟ್ಟು ಹೋಗಬೇಕಾಯಿತು. ತಾವು ಎಸೆಯದ ಕಸಕ್ಕೆ ತಾವು ಬೆಲೆ ತೆತ್ತವರು ಅವರು. ಆ ರಾಶಿಯಲ್ಲಿದ್ದ ಬಾಳೆಲೆ, ಅನ್ನ, ತರಕಾರಿ ಸಿಪ್ಪೆ ಬೇರೆಯಾಗಿ ಉಳಿದಿದ್ದರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತಿದ್ದುವು. ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಸಿಕೊಂಡು ಬಂದದ್ದರಿಂದ ಅವೂ ಗೊಬ್ಬರವಾಗದೆ ಕೆಡುತ್ತ ಉಳಿದುವು.

ಸರಕಾರಗಳು ಸುಮ್ಮನೆ ಕುಳಿತಿಲ್ಲ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧ ಬಂದಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳು ದೇಶಕ್ಕೆಲ್ಲ ನಿಷಿದ್ಧವಾದುವು. ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿಗೆ ಮಾತ್ರ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇದ್ದಲ್ಲಿ, ವಿನಾಯಿತಿ ಉಂಟು. ಆದ್ದರಿಂದ ‘ಗಿಡದಿಂದ ಮಾಡಿದ್ದು’, ‘ಮಣ್ಣಿಗೆ ಮರಳುವಂಥದು’ ಎಂಬ ಅಚ್ಚು ಹೊತ್ತ ಚೀಲಗಳು ಅಂಗಡಿಗೆ ಬಂದಿವೆ. ನಮ್ಮ ವಿಚಾರ ಆರಂಭವಾಗಬೇಕಾದದ್ದು ಇಲ್ಲಿಯೇ. ಗಿಡದಿಂದ ಮಾಡಿದ್ದೆಂಬುದು ಒಂದು ಮಾತು, ಮಣ್ಣಿಗೆ ಮರಳುತ್ತದೆಂಬುದು ಬೇರೆಯೇ ಒಂದು ಮಾತು. ಇವೆರಡನ್ನು ಒಂದೆಂದು ತಿಳಿದರೆ ಮೋಸಹೋಗುತ್ತೇವೆ.

ಗಿಡದ ಪ್ಲಾಸ್ಟಿಕ್ಕೆಂದರೇನು? ಅವುಗಳಲ್ಲಿ ಮುಖ್ಯವಾದದ್ದು ಪಾಲಿಲ್ಯಾಕ್ಟಿಕ್ ಆಮ್ಲ, ಬಳಕೆಯಲ್ಲಿ ಪಿ.ಎಲ್.ಎ. ಎನ್ನುತ್ತಾರೆ. ಮೆಕ್ಕೆಜೋಳದ ಹಿಟ್ಟಿನಿಂದಲೋ ಕಬ್ಬಿನಿಂದಲೋ ಸಕ್ಕರೆಯನ್ನು ತೆಗೆದು, ಅದನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಅವು ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆ. ಇದು ನಮಗೆ ಹೊಸದಲ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಹುಳಿಯಾಗುವುದು ಇದೇ ಆಮ್ಲದಿಂದ. ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ ಇದನ್ನು 1780ರಲ್ಲಿ ಹುಳಿಹಾಲಿನಿಂದಲೇ ಬೇರ್ಪಡಿಸಿದನು. ಈ ಆಮ್ಲದ ಅಣುಗಳನ್ನು, ಮಲ್ಲಿಗೆಯ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುತ್ತ ಹೋದಂತೆ, ಒಂದಕ್ಕೊಂದು ಕೊಂಡಿ ಹಾಕಿ ಉದ್ದನೆಯ ಮಾಲೆ ಮಾಡಿದರೆ ಪಿ.ಎಲ್.ಎ. ಆಗುತ್ತದೆ. ಇಂಥ ಅಣುಮಾಲೆಗೆ ಪಾಲಿಮರ್ ಎಂದು ಹೆಸರು. ಅಕ್ಕಿಯ ಪಿಷ್ಟ, ಹತ್ತಿಯ ನಾರು ಇವೂ ಪ್ರಕೃತಿಯೇ ಕಟ್ಟಿದ ಪಾಲಿಮರ್‌ಗಳು.

ಮೊಸರಿನ ಆಮ್ಲದಿಂದ ಮಾಡಿದ ವಸ್ತು ಮೊಸರಿನಂತೆಯೇ ಬೇಗ ಕೆಡಬೇಡವೆ? ಕೆಡುವುದಿಲ್ಲ. ಸುಮಾರು 55-60 ಡಿಗ್ರಿ ಸೆಲ್ಸಿಯಸ್ ಶಾಖದ ಕೆಳಗೆ ಈ ಮಾಲೆಗಳು ಗಾಜಿನಂತೆ ಬಿಗಿದುಕೊಂಡಿರುತ್ತವೆ. ನೀರು ಒಳಕ್ಕೆ ಇಳಿಯುವುದು ನಿಧಾನ, ಕೊಂಡಿಗಳು ಕಳಚುವುದು ಇನ್ನೂ ನಿಧಾನ. ದೊಡ್ಡ ಗೊಬ್ಬರದ ಕಾರ್ಖಾನೆಗಳಲ್ಲಿ ರಾಶಿಯ ಶಾಖ 58 ಡಿಗ್ರಿಯ ಆಸುಪಾಸಿಗೆ ಏರಿದಾಗ ಮಾಲೆಗಳು ಸಡಿಲಗೊಂಡು, ತೇವ ಹೊಕ್ಕು, ತುಂಡಾಗುತ್ತವೆ. ಆ ತುಂಡುಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಹಿತ್ತಿಲ ಗುಂಡಿಯಲ್ಲಿ ಅಷ್ಟು ಶಾಖ ವಾರಗಟ್ಟಲೆ ನಿಲ್ಲುವುದಿಲ್ಲ. ಕಡಲಿನ ನೀರಿನಲ್ಲಂತೂ ಆ ಮಾತೇ ಇಲ್ಲ. ಅಲ್ಲಿಗೆ, ಗಿಡದಿಂದ ಹುಟ್ಟಿದ ಲೋಟವೂ ಹಿತ್ತಿಲಲ್ಲಿ ಎಣ್ಣೆಯಿಂದ ಹುಟ್ಟಿದ ಲೋಟದ ಪಕ್ಕದಲ್ಲೇ ವರ್ಷಗಟ್ಟಲೆ ಬಿದ್ದಿರುವುದುಂಟು.

ಈ ಬಿಗಿಯನ್ನು ಬಿಡಿಸಬಲ್ಲ ಕೈ ಯಾವುದು? ಅದೇ ಕಿಣ್ವ. ಕಿಣ್ವವೆಂಬುದು ಜೀವಿಗಳು ತಮ್ಮ ಮೈಯಲ್ಲಿ ತಯಾರಿಸಿಕೊಳ್ಳುವ ಒಂದು ಪ್ರೋಟೀನು. ತಾನು ಸವೆಯದೆ ಇತರ ಅಣುಗಳನ್ನು ಒಡೆಯುವ ಇಲ್ಲವೆ ಕೂಡಿಸುವ ಕೆಲಸಗಾರ ಅದು. ಒಂದು ಹಿಡಿ ಅವಲಕ್ಕಿಯನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯಿರಿ, ಕೊನೆಕೊನೆಗೆ ಸಿಹಿಯೆನಿಸುತ್ತದೆ. ಜೊಲ್ಲಿನ ಕಿಣ್ವ ಪಿಷ್ಟದ ಮಾಲೆಯನ್ನು ಕಡಿದು ಸಕ್ಕರೆ ಮಾಡಿತೆಂದರ್ಥ. ಬಲಿತ ಮಾಂಸ ಬೇಗ ಬೇಯಲೆಂದು ಅದರೊಡನೆ ಪಪ್ಪಾಯಿಯ ಕಾಯನ್ನು ಹಾಕುವ ರೂಢಿ ಉಂಟಷ್ಟೆ. ತುಳುವರು ಬಪ್ಪಂಗಾಯಿ ಎನ್ನುವ ಆ ಕಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ತುಂಡರಿಸುತ್ತದೆ. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆ ಮೊದಮೊದಲು ತಯಾರಿಸಿದ ಸರಕುಗಳಲ್ಲಿ ಈ ಪಪೈನೂ ಒಂದು. ಅಡುಗೆಮನೆಯ ತಿಳಿವಳಿಕೆ ಕೈಗಾರಿಕೆಯಾಗಿ ಬೆಳೆದುದಕ್ಕೆ ನಮ್ಮ ನಾಡಿನ ಉದಾಹರಣೆ ಇದು.

ಪ್ರತಿಯೊಂದು ಕಿಣ್ವಕ್ಕೂ ತನ್ನದೇ ಆದ ಕೆಲಸ ಉಂಟು. ಬೀಗಕ್ಕೆ ತಕ್ಕ ಕೀಲಿಯಂತೆ ತನಗೆ ಹೊಂದುವ ಅಣುವಿಗೆ ಮಾತ್ರ ಅದು ಕೈಹಾಕುತ್ತದೆಂದು ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಹೇಳಿದನು. ಹಾಗಾದರೆ ಮನುಷ್ಯ ಮಾಡಿದ ಪಿ.ಎಲ್.ಎ. ಬೀಗಕ್ಕೆ ಪ್ರಕೃತಿಯಲ್ಲಿ ಕೀಲಿ ಇದ್ದೀತೆ? ಇದೆ. ಒಂದು ಬಗೆಯ ಶಿಲೀಂಧ್ರದಿಂದ ದೊರೆಯುವ ‘ಪ್ರೋಟಿನೇಸ್ ಕೆ’ ಎಂಬ ಕಿಣ್ವ ಕೂದಲು, ಉಗುರುಗಳ ಪ್ರೋಟೀನಾದ ಕೆರಟಿನ್ನನ್ನು ಒಡೆಯುತ್ತದೆ. ಹೆಸರಿನಲ್ಲಿರುವ ‘ಕೆ’ ಆ ಕೆರಟಿನ್ನನ್ನೇ ಸೂಚಿಸುತ್ತದೆ. ಅದೇ ಕೀಲಿ ಪಿ.ಎಲ್.ಎ. ಕೊಂಡಿಯನ್ನೂ ತೆರೆಯುತ್ತದೆ.

ಅಷ್ಟಾದರೆ ಕಸದ ಮೇಲೆ ಕಿಣ್ವದ ನೀರನ್ನು ಚಿಮುಕಿಸಿದರೆ ಸಾಲದೆ? ಸಾಲದು. ಹೊರಗಿನಿಂದ ಬಂದ ಕಿಣ್ವ ಮೇಲ್ಮೈಯನ್ನಷ್ಟೇ ಕೆರೆಯುತ್ತದೆ. ಒಳಗಿನ ಬಿಗಿಯಾದ ಭಾಗ ಉಳಿದು, ಕಣ್ಣಿಗೆ ಕಾಣದಂಥ ಚೂರುಗಳಾಗಿ ಮಣ್ಣು ನೀರುಗಳಲ್ಲಿ ಬೆರೆಯುವ ಭಯವಿದೆ. ಗೆದ್ದಲು ಮರದ ಒಳಹೊಕ್ಕು ತಿನ್ನುವಂತೆ ಕಿಣ್ವವೂ ಒಳಗಿನಿಂದಲೇ ಕೆಲಸ ಮಾಡಬೇಕು. ಅದಕ್ಕಾಗಿ ವಸ್ತುವನ್ನು ತಯಾರಿಸುವಾಗಲೇ ಅದನ್ನು ಒಳಗಿಡಬೇಕು.

ಕಿಣ್ವವನ್ನು ಪಾಲಿಮರಿನಲ್ಲಿ ಹುದುಗಿಸುವ ವಿದ್ಯೆ ಹೊಸತೇನೂ ಅಲ್ಲ. ಸಕ್ಕರೆಯನ್ನು ಒಡೆಯುವ ಕಿಣ್ವವೊಂದು ಇದ್ದಲಿಗೆ ಅಂಟಿಕೊಂಡ ಮೇಲೂ ಕೆಲಸ ಮಾಡುತ್ತದೆಂದು ಅಮೆರಿಕದ ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲೇ ಕಂಡರು. 1969ರಲ್ಲಿ ಜಪಾನಿನ ತನಾಬೆ ಸಂಸ್ಥೆಯಲ್ಲಿ ಚಿಬಾಟ ಮತ್ತವರ ಸಂಗಡಿಗರು ಹೀಗೆ ಬಂಧಿಸಿಟ್ಟ ಕಿಣ್ವವನ್ನು ಕಾರ್ಖಾನೆಯ ಉಪಯೋಗಕ್ಕೆ ತಂದರು. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟನ್ನು ಸುಣ್ಣದ ಅಂಶವುಳ್ಳ ನೀರಿಗೆ ತೊಟ್ಟಿಕ್ಕಿದರೆ ಸಾಬಕ್ಕಿ ಕಾಳಿನಂಥ ಮೆತ್ತನೆಯ ಗುಂಡುಗಳಾಗುತ್ತವೆ. ಅವುಗಳಲ್ಲಿ ಕಿಣ್ವವನ್ನು ಹುದುಗಿಸಿ ಮತ್ತೆ ಮತ್ತೆ ಬಳಸುತ್ತಾರೆ. ಅಲ್ಲೆಲ್ಲ ಪಾಲಿಮರು ಕಿಣ್ವಕ್ಕೆ ಮನೆ. ಈಗಿನ ಪ್ರಯೋಗದಲ್ಲಿ ಮನೆಯೇ ಅದರ ಊಟವೂ ಆಗಬೇಕು. ಊಟದ ಸಮಯ ಬರುವ ತನಕ ಮಾತ್ರ ಅದು ಮುಟ್ಟದೆ ಕುಳಿತಿರಬೇಕು.

ತೊಡಕು ಇರುವುದು ಶಾಖದಲ್ಲಿ. ಕೋಳಿಮೊಟ್ಟೆಯ ಬಿಳಿಯೂ ಪ್ರೋಟೀನೇ. ಬಿಸಿನೀರಿಗೆ ಬಿದ್ದರೆ ಹೆಪ್ಪುಗಟ್ಟಿ ಮೊದಲಿನ ರೂಪವನ್ನು ಕಳೆದುಕೊಳ್ಳುತ್ತದೆ. ಪಿ.ಎಲ್.ಎ. ಕರಗಿ ಅಚ್ಚಿಗೆ ಇಳಿಯಬೇಕಾದರೆ 160-180 ಡಿಗ್ರಿಯಷ್ಟು ಶಾಖ ಬೇಕು. ಸಾಮಾನ್ಯ ಕಿಣ್ವ ಆ ಕುಲುಮೆಯಲ್ಲಿ ಉಳಿದೀತೆ? ಇದಲ್ಲದೆ ಪ್ರೋಟೀನಿಗೂ ಪ್ಲಾಸ್ಟಿಕ್ಕಿಗೂ ನೀರು ಎಣ್ಣೆಯ ಸಂಬಂಧ. ಬೆರೆಸಿದರೂ ಕಿಣ್ವ ಅಲ್ಲಲ್ಲಿ ಗಂಟುಗಟ್ಟಿ ನಿಲ್ಲುತ್ತದೆ.

2021ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಟಿಂಗ್ ಶು ಮತ್ತವರ ಸಂಗಡಿಗರು ಈ ಗಂಟನ್ನು ಬಿಡಿಸಿದ ಬಗೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಿಣ್ವದ ಒಂದೊಂದು ಕಣಕ್ಕೂ ಅವರು ಬೇರೊಂದು ಪಾಲಿಮರಿನ ತೆಳುವಾದ ಹೊದಿಕೆಯನ್ನು ಹೊದಿಸಿದರು. ಪ್ರೋಟೀನಿಗೂ ಪ್ಲಾಸ್ಟಿಕ್ಕಿಗೂ ಒಗ್ಗುವ ಆ ಹೊದಿಕೆಯಿಂದಾಗಿ ಕಿಣ್ವ ಗಂಟಾಗದೆ ಎಲ್ಲೆಡೆಗೂ ಸಮನಾಗಿ ಹರಡಿಕೊಂಡಿತು. ಅವರು ಸೇರಿಸಿದ ಕಿಣ್ವ ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಹೀಗೆ ಮಾಡಿದ ಪಿ.ಎಲ್.ಎ. 50 ಡಿಗ್ರಿ ಶಾಖದ ಗೊಬ್ಬರದಲ್ಲಿ 6 ದಿನಗಳಲ್ಲಿ ಕರಗಿತು. ಕಿಣ್ವ ಅಣುಮಾಲೆಯ ತುದಿಯನ್ನು ಹಿಡಿದು, ಹೆಣೆದ ಹಗ್ಗದ ಎಳೆ ಬಿಚ್ಚುವಂತೆ ಬಿಚ್ಚುತ್ತ ಹೋಗುತ್ತದೆ. ಆದ್ದರಿಂದ ಉಳಿಯುವುದು ಪ್ಲಾಸ್ಟಿಕ್ಕಿನ ಪುಡಿಯಲ್ಲ, ಮಣ್ಣಿನ ಜೀವಿಗಳು ತಿನ್ನಬಲ್ಲ ಸಣ್ಣ ಅಣುಗಳು.

ಮುಂದಿನ ಹೆಜ್ಜೆ ಫ್ರಾನ್ಸಿನದು. ಅಲ್ಲಿನ ಕಾರ್ಬಿಯೋಸ್ ಎಂಬ ಕಂಪೆನಿಯೂ ತುಲೂಸ್ ನಗರದ ಸಂಶೋಧಕರೂ ಕೂಡಿ ಮಾಡಿದ ಕೆಲಸ 2024ರಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಅವರು ಕಿಣ್ವದ ರಚನೆಯಲ್ಲೇ ಅಲ್ಲಲ್ಲಿ ಮಾರ್ಪಾಡು ಮಾಡಿ, ಅದು ಹೆಚ್ಚು ಚುರುಕಾಗಿ ಕೆಲಸ ಮಾಡುವಂತೆ ಮಾಡಿದರು. ಬಳಿಕ ಅದನ್ನು ನೇರವಾಗಿ ಕುದಿಯುವ ಪಿ.ಎಲ್.ಎ.ಗೆ ಸುರಿಯಲಿಲ್ಲ. ಕಡಿಮೆ ಶಾಖಕ್ಕೆ ಕರಗುವ ಇನ್ನೊಂದು ಪಾಲಿಮರಿನಲ್ಲಿ ಮೊದಲು ಬೆರೆಸಿ, ಆ ಮಿಶ್ರಣವನ್ನು ಸ್ವಲ್ಪವೇ ಪಿ.ಎಲ್.ಎ.ಗೆ ಸೇರಿಸಿದರು. ದೋಸೆಹಿಟ್ಟಿಗೆ ಹಳೆಯ ಹಿಟ್ಟನ್ನು ಒಂದು ಸೌಟು ಬೆರೆಸಿದಂತೆ ಎನ್ನಬಹುದು. ಕಿಣ್ವದ ಪ್ರಮಾಣ ನೂರಕ್ಕೆ 0.02, ಎಂದರೆ 100 ಕಿಲೋ ಪ್ಲಾಸ್ಟಿಕ್ಕಿಗೆ 20 ಗ್ರಾಮು. ಹೀಗೆ ತಯಾರಾದ ಹಾಳೆ ಮನೆಯ ಗೊಬ್ಬರದ ಗುಂಡಿಯನ್ನು ಹೋಲುವ ಸ್ಥಿತಿಯಲ್ಲಿ 20ರಿಂದ 24 ವಾರಗಳೊಳಗೆ ಪೂರ್ತಿಯಾಗಿ ಬಿಡಿಬಿಡಿಯಾಯಿತು. ದಾಸ್ತಾನಿನಲ್ಲಿ ದೀರ್ಘಕಾಲ ಇಟ್ಟರೂ ಅದರ ಗುಣ ಕೆಡಲಿಲ್ಲವೆಂದು ಅವರ ವರದಿ.

ಈಗ ಕುದ್ರೋಳಿಗೆ ಮರಳೋಣ. ಮನೆಗುಂಡಿಯ ಪರೀಕ್ಷೆಗೆ ಗೊತ್ತುಪಡಿಸಿದ ಶಾಖ 20ರಿಂದ 30 ಡಿಗ್ರಿ. ಮಂಗಳೂರಿನ ಹಿತ್ತಿಲಲ್ಲಿ ವರ್ಷದ ಬಹುಕಾಲ ಇರುವ ಶಾಖ ಹೆಚ್ಚುಕಡಮೆ ಇದರ ಮೇಲಂಚಿನದೇ. ಚಳಿಯ ದೇಶದವರಿಗಿಂತ ನಮಗೆ ಇದೊಂದು ಅನುಕೂಲ. ಮಳೆಗಾಲದ ತೇವಕ್ಕಂತೂ ಬರವಿಲ್ಲ. ಅದೇ ತೇವ ಅಂಗಡಿಯ ಅಟ್ಟದಲ್ಲಿಟ್ಟ ಕಟ್ಟುಗಳಿಗೂ ತಾಗುತ್ತದೆಂಬುದನ್ನು ಮರೆಯಬಾರದು. ಕಿಣ್ವವನ್ನು ಎಬ್ಬಿಸುವುದು ನೀರು ಮತ್ತು ಶಾಖ. ಆಟಿಯ ಮಳೆಯಲ್ಲಿ ಉಪ್ಪು ನೀರೊಡೆಯುವ ಊರಿನಲ್ಲಿ ಇಂಥ ಚೀಲಗಳನ್ನು ಒಣಗಿರುವಲ್ಲಿ ಕಾಪಾಡುವ ಕಷ್ಟ ಅಂಗಡಿಯವನಿಗೆ ಇದ್ದೇ ಇದೆ. ಬರಿಯ ಪಿ.ಎಲ್.ಎ. ಲೋಟಕ್ಕೆ ಇನ್ನೊಂದು ದೋಷವೂ ಉಂಟು. 60 ಡಿಗ್ರಿಯ ಸುಮಾರಿಗೆ ಅದು ಮೆದುವಾಗುವುದರಿಂದ ಒಲೆಯಿಂದ ಇಳಿಸಿದ ಗಂಜಿಯನ್ನೋ ಸಾರನ್ನೋ ಹೊಯ್ದರೆ ಸೊಟ್ಟಗಾಗುತ್ತದೆ.

ಇಂಥ ಕಡೆಗಳಲ್ಲಿ ಹೊಸ ವಸ್ತುವಿಗೆ ಆಸೆಪಡಬೇಕಾಗಿಯೂ ಇಲ್ಲ. ಊಟಕ್ಕೆ ಬಾಳೆಲೆ ಇದೆ. ಬಿಸಿ ಸಾರು ತಾಳುವ ಅಡಿಕೆ ಹಾಳೆಯ ತಟ್ಟೆ ನಮ್ಮ ಜಿಲ್ಲೆಯಲ್ಲೇ ತಯಾರಾಗುತ್ತದೆ. ಬಿದ್ದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಆಯಿತು, ಅಂಟು ಬೇಡ, ರಾಳ ಬೇಡ. ಅದನ್ನು ಕರಗಿಸುವ ಕಿಣ್ವಗಳನ್ನು ಮಣ್ಣಿನ ಶಿಲೀಂಧ್ರಗಳು ತಾವಾಗಿಯೇ ತರುತ್ತವೆ. ಹೂವಿಗೆ ಬಾಳೆಲೆಯ ಸುತ್ತು, ಬಾಳೆನಾರಿನ ಕಟ್ಟು ಇದ್ದೇ ಇದೆ. ಪ್ರಕೃತಿಯೇ ಎರಡೂ ಗುಣಗಳನ್ನು ಕೂಡಿಸಿಕೊಟ್ಟಿರುವಲ್ಲಿ ಪ್ರಯೋಗಶಾಲೆಯ ಹಂಗು ಏತಕ್ಕೆ?

ಆದರೆ ಎಲೆಯಿಂದಾಗದ ಕೆಲಸಗಳೂ ಉಂಟು. ನೀರೂರುವ ಹಸಿಕಸವನ್ನು ತುಂಬಿಡುವ ತೆಳು ಚೀಲ, ಸಸಿ ಬೆಳೆಸುವ ತೊಟ್ಟೆ, ಗದ್ದೆ ತೋಟಗಳಲ್ಲಿ ಕಳೆ ಬೆಳೆಯದಂತೆ ಹೊದಿಸುವ ಹಾಳೆ, ಇವೆಲ್ಲ ತೆಳುವಾಗಿ, ನೀರು ಸೋರದೆ, ಕೆಲವು ತಿಂಗಳು ತಾಳಬೇಕು. ಆಮೇಲೆ ಮಣ್ಣಿನಿಂದ ಆರಿಸಿ ತೆಗೆಯುವ ಗೋಜಿಲ್ಲದೆ ಮಾಯವಾಗಬೇಕು. ಕಿಣ್ವ ಹುದುಗಿಸಿದ ಪ್ಲಾಸ್ಟಿಕ್ಕು ನಿಜವಾಗಿ ಒದಗುವುದು ಇಂಥ ಕಡೆ. ಹಸಿಕಸದ ಚೀಲವೇ ಕಸದೊಡನೆ ಗೊಬ್ಬರವಾಗುವುದಾದರೆ ಅದನ್ನು ಕೈಯಿಂದ ಬಿಚ್ಚಿ ಬೇರ್ಪಡಿಸುವ ಪೌರಕಾರ್ಮಿಕರ ಎಷ್ಟೋ ಶ್ರಮ, ಎಷ್ಟೋ ರೋಗಭಯ ತಪ್ಪೀತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಫ್ರಾನ್ಸಿನವರ ಪ್ರಯೋಗದಲ್ಲಿ ಗಾಳಿಯಾಡದ ತೊಟ್ಟಿಯೊಳಗೆ ಹಾಕಿದಾಗ ಕಿಣ್ವವಿದ್ದ ಪಿ.ಎಲ್.ಎ. ಸಾಮಾನ್ಯ ಪಿ.ಎಲ್.ಎ.ಗಿಂತ ಹೆಚ್ಚು ಮೀಥೇನ್ ಅನಿಲವನ್ನು ಕೊಟ್ಟಿತು. ಗೋಬರ್ ಅನಿಲದ ಸ್ಥಾವರದಲ್ಲಾದರೆ ಇದು ಲಾಭ. ಆ ಅನಿಲ ಒಲೆ ಉರಿಸುತ್ತದೆ. ಅದೇ ಚೀಲ ಬೆಟ್ಟದಂಥ ಕಸದ ರಾಶಿಯ ಅಡಿಯಲ್ಲಿ ಹೂತುಹೋದರೆ ಮೀಥೇನ್ ಬಯಲಿಗೆ ಹೋಗಿ, ಭೂಮಿಯ ಶಾಖವನ್ನು ಹೆಚ್ಚಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಬಲವಾದ ಕೇಡು ಮಾಡುತ್ತದೆ. ವಸ್ತು ಒಂದೇ, ಅದು ಹೋಗಿ ಸೇರುವ ಸ್ಥಳದಿಂದ ಗುಣವೋ ದೋಷವೋ ಆಗುತ್ತದೆ. ಮರುಬಳಕೆಗೆಂದು ಆರಿಸುವ ನೀರಿನ ಬಾಟಲಿಗಳ ರಾಶಿಗೆ ಇದು ಬೆರೆತರೆ ಆ ಪ್ಲಾಸ್ಟಿಕ್ಕಿನ ಗುಣವೂ ಕೆಡುತ್ತದೆ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಸ್ಪಷ್ಟವಾದ ಗುರುತು ಇರಲೇಬೇಕು.

ಕಡಲಿನ ವಿಷಯವೂ ಹಾಗೆಯೇ. ಕುದ್ರೋಳಿಯ ಪಡುವಣಕ್ಕೆ ಫಲ್ಗುಣಿ ಹೊಳೆ, ಅದರಾಚೆ ಬೆಂಗ್ರೆಯ ಮರಳುಪಟ್ಟಿ, ಅದರಾಚೆ ಅರಬ್ಬೀ ಸಮುದ್ರ. ಚರಂಡಿಗೆ ಬಿದ್ದ ಚೀಲ ಒಂದು ಮಳೆಗೆ ಹೊಳೆ ಸೇರೀತು. ‘ಹೇಗೂ ಕರಗುವಂಥದು’ ಎಂಬ ಧೈರ್ಯದಿಂದ ಅದನ್ನು ಎಸೆದವನು 24 ವಾರಗಳ ಆ ಲೆಕ್ಕ ಗೊಬ್ಬರದ ಗುಂಡಿಗೆ ಹೇಳಿದ್ದೇ ಹೊರತು ಹರಿಯುವ ನೀರಿಗಲ್ಲವೆಂಬುದನ್ನು ಮರೆಯುತ್ತಾನೆ. ಗುಂಡಿಯಲ್ಲಿಯೇ ಆದರೂ ಐದು ತಿಂಗಳು ಕಡಮೆ ಕಾಲವಲ್ಲ. ಆಹಾರವೆಂದು ಅದನ್ನು ನುಂಗುವ ಮೀನು ಅಷ್ಟು ದಿನ ಕಾದು ಕುಳಿತಿರುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ‘ಮಣ್ಣಿಗೆ ಮರಳುವ ಚೀಲ’ವನ್ನು ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಇದು ಮರಳುವುದು ಎಲ್ಲಿ, ಕಾರ್ಖಾನೆಯ ಬಿಸಿ ರಾಶಿಯಲ್ಲೋ ಮನೆಯ ಗುಂಡಿಯಲ್ಲೋ? ಎಷ್ಟು ವಾರಗಳಲ್ಲಿ? ಪ್ರಮಾಣಪತ್ರದ ಗುರುತು ಎಲ್ಲಿದೆ? ಉತ್ತರ ಬಾರದಿದ್ದಲ್ಲಿ ಬಟ್ಟೆಯ ಚೀಲವೇ ಮೇಲು. ಉತ್ತರ ಬಂದಲ್ಲಿ ಚೀಲವನ್ನು ಹಸಿಕಸದ ಬುಟ್ಟಿಗೆ ತಲುಪಿಸುವ ಕೆಲಸ ಕೊಂಡವನಿಗೆ ಉಳಿಯುತ್ತದೆ.

100 ಕಿಲೋ ಪ್ಲಾಸ್ಟಿಕ್ಕಿನಲ್ಲಿ ಅಡಗಿ ಕುಳಿತ 20 ಗ್ರಾಮು ಕಿಣ್ವ ತನ್ನ ಪಾಲಿನ ಕೆಲಸವನ್ನು ತಪ್ಪದೆ ಮಾಡಬಲ್ಲದೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಆದರೆ ಅದಕ್ಕೆ ಕಾಲಿಲ್ಲ. ಚರಂಡಿಯಿಂದ ಎದ್ದು ಗೊಬ್ಬರದ ಗುಂಡಿಗೆ ನಡೆದು ಹೋಗಲಾರದು. ಆ ಕೆಲವು ಮಾರು ದೂರವನ್ನು ನಡೆಯಬೇಕಾದವರು ನಾವು. ಅಷ್ಟನ್ನು ನಾವು ಮಾಡಿದರೆ ಮತ್ತೊಂದು ಮಂದಾರದ ಮೇಲೆ ಕಸದ ಬೆಟ್ಟ ಜಾರದಂತೆ ತಡೆಯುವುದರಲ್ಲಿ ಈ ಸಣ್ಣ ಕೆಲಸಗಾರನೂ ನಮಗೆ ನೆರವಾದಾನು.